ದೀಪವಿಲ್ಲದ ಮನೆಗಳು

ಕಂದಾಯ ಇಲಾಖೆಯ ಕಡತಗಳಲ್ಲಿ ಇಂದಿಗೂ ಉಳಿದುಕೊಂಡಿರುವ ಒಂದು ಪದವಿದೆ, 'ಬೇಚರಾಕ್ ಗ್ರಾಮ'. ನಕ್ಷೆಯಲ್ಲಿ ಹೆಸರಿರುತ್ತದೆ, ಗಡಿ ಇರುತ್ತದೆ, ಸರ್ವೆ ನಂಬರುಗಳೂ ಇರುತ್ತವೆ. ಆದರೆ ಮನೆಗಳಿಲ್ಲ, ಜನರಿಲ್ಲ. ಫಾರಸಿಯಲ್ಲಿ ಚಿರಾಗ್ ಎಂದರೆ ದೀಪ, 'ಬೇ' ಎಂದರೆ ಇಲ್ಲದ. ದೀಪ ಹಚ್ಚುವವರಿಲ್ಲದ ಊರು ಎಂದು ಅರ್ಥ. ದಫ್ತರದ ಭಾಷೆಯಲ್ಲಿ ಇಷ್ಟು ದುಃಖದ ಪದ ಇನ್ನೊಂದಿರಲಾರದು.

ಊರೇ ಖಾಲಿಯಾದರೆ ಬೇಚರಾಕ್ ಎಂದು ಬರೆದು ಕಡತ ಮುಚ್ಚಬಹುದು. ತುಂಬಿದ ಊರಿನ ನಡುವೆ ಒಂದೇ ಮನೆ ಖಾಲಿ ಉಳಿದರೆ ಅದರ ಪಾಡು ಬೇರೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ದೊಡ್ಡ ಊರುಗಳಲ್ಲಿ ಅಗಸಿ ದಾಟಿ ಒಳಗೆ ನಡೆದರೆ ಬಹುಕಾಲದಿಂದ ಬೀಗ ಬಿದ್ದ ಮನೆ ಒಂದಾದರೂ ಕಣ್ಣಿಗೆ ಬೀಳುತ್ತದೆ. ಗಟ್ಟಿ ಗೋಡೆ, ಸಾಗವಾನಿ ಬಾಗಿಲು, ಹಿತ್ತಿಲಲ್ಲಿ ಬಾವಿ. ಬೆಲೆ ವಿಚಾರಿಸಿದರೆ ಪಕ್ಕದ ಮನೆಗಿಂತ ಕಡಿಮೆ. ಕಾರಣ ಕೇಳಿದರೆ ದಲಾಲಿ ದನಿ ತಗ್ಗಿಸುತ್ತಾನೆ: "ಮನಿ ಛಲೋ ಐತ್ರಿ ಸಾಹೇಬ್ರ. ಆದ್ರ ಅಲ್ಲಿ ಯಾರೂ ಭಾಳ ದಿನ ನಿಂತಿಲ್ಲ ನೋಡ್ರಿ." ಅವನು ಅಷ್ಟಕ್ಕೆ ನಿಲ್ಲಿಸುತ್ತಾನೆ. ಉಳಿದದ್ದನ್ನು ಓಣಿಯವರು ಹೇಳುತ್ತಾರೆ. ಸೊಸೆ ಬಾವಿಗೆ ಬಿದ್ದಿದ್ದಳು. ಒಂದೇ ವರ್ಷದಲ್ಲಿ ಮೂರು ಹೆಣ ಹೊರಬಿದ್ದವು. ಗೂಗೆ ಹೊಕ್ಕಿತ್ತು. ಧನಿಷ್ಠಾ ಪಂಚಕದಲ್ಲಿ ಸಾವಾಗಿ ಬಾಗಿಲಿಗೆ ಮುಳ್ಳು ಬಡಿದು ಹೋದವರು ತಿರುಗಿ ಬರಲಿಲ್ಲ. ಗೋಡೆಯಲ್ಲಿ ನಿಧಿ ಇದೆ, ಅದನ್ನು ಕಾಯುವುದೊಂದು ಇದೆ. ಹೇಳುವವರು ಮುಸ್ಲಿಮರಾದರೆ ದೆವ್ವದ ಜಾಗಕ್ಕೆ ಜಿನ್ನ್ ಬರುತ್ತದೆ, ಕಥೆ ಬದಲಾಗುವುದಿಲ್ಲ.

ದೆವ್ವ ಇದೆಯೋ ಇಲ್ಲವೋ ಎಂಬ ಚರ್ಚೆಗೆ ನಾವು ಇಲ್ಲಿ ಇಳಿಯುವುದಿಲ್ಲ. ಅದನ್ನು ಬದಿಗಿಟ್ಟು ಇನ್ನೊಂದು ಪ್ರಶ್ನೆ ಕೇಳಬಹುದು. ಈ ಮನೆಯ ದೀಪ ಆರಿದ್ದು ಯಾವಾಗ, ಹೇಗೆ? ಇದಕ್ಕೆ ಉತ್ತರ ಹುಡುಕಹೊರಟರೆ ಈ ಸೀಮೆಯ ಚರಿತ್ರೆಯೇ ಎದುರಾಗುತ್ತದೆ.

ಹಾನಗಲ್ಲಿನಿಂದಲೇ ತೊಡಗೋಣ. ಶಾಸನಗಳ ಪಾನುಂಗಲ್ಲು ಇದು, ಕದಂಬರ ಒಂದು ಶಾಖೆ ಇಲ್ಲಿಂದ ಆಳಿತು. ಇದೇ ಮಹಾಭಾರತದ ವಿರಾಟನಗರಿ ಎಂಬ ಐತಿಹ್ಯ ಊರಿನಲ್ಲಿದೆ. ಅಂದರೆ ಪಾಂಡವರು ಹೆಸರು ಮರೆಸಿ ಬೇರೆಯವರ ಮನೆಯಲ್ಲಿ ವರ್ಷ ಕಳೆದದ್ದು ಇಲ್ಲಿ, ಭೀಮ ಕೀಚಕನನ್ನು ಕೊಂದದ್ದೂ ಇಲ್ಲಿ. ಊರಿಗೆ ಊರೇ ಒಂದು ಕೊಲೆಯ ಕಥೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ, ಅದರಿಂದ ಹಾನಗಲ್ಲಿನ ನಿವೇಶನಗಳ ಬೆಲೆ ಇಳಿದದ್ದನ್ನು ನಾವು ಕೇಳಿಲ್ಲ. ಕೊಲೆ ಹಳೆಯದಾದಷ್ಟೂ ಪುರಾಣವಾಗುತ್ತದೆ, ಹೊಸದಾದರೆ ದೆವ್ವವಾಗುತ್ತದೆ.

ಹಾನಗಲ್, ಹಿರೇಕೆರೂರು ಭಾಗದ ಹಳೆಯ ದಾನಶಾಸನಗಳನ್ನು ಓದಿದವರಿಗೆ ಅವುಗಳ ಕೊನೆಯ ಸಾಲುಗಳು ಪರಿಚಿತ. ಭೂಮಿಯ ನಾಲ್ಕೂ ಗಡಿ ಹೇಳಿ, ದಾನ ಪಡೆದವರ ಹೆಸರು ಹೇಳಿ, ಕೊನೆಗೊಂದು ಶಾಪ ಹಾಕುತ್ತಾರೆ. ಇದನ್ನು ಕಸಿದುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗಿ ಹುಟ್ಟಲಿ, ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಅವನಿಗೆ ತಟ್ಟಲಿ. ಸುಲ್ತಾನರ ಕಾಲದ ದಖ್ಖನಿನಲ್ಲಿ ಈ ಶಾಪ ಎರಡು ಕವಲಾಯಿತು. ತಪ್ಪುವವನು ಹಿಂದೂವಾದರೆ ಹಸುವಿನ ಆಣೆ, ಮುಸಲ್ಮಾನನಾದರೆ ಹಂದಿಯ ಆಣೆ. ಊರಿನಲ್ಲಿ ಇಬ್ಬರೂ ಇದ್ದಾರೆ, ಕಸಿಯುವ ಆಸೆ ಇಬ್ಬರಿಗೂ ಇದೆ ಎಂಬುದನ್ನು ಕಲ್ಲು ಕೆತ್ತುವವನು ಚೆನ್ನಾಗಿ ಬಲ್ಲವನಾಗಿದ್ದ. ಒಂದು ಗೇಣು ನೆಲವನ್ನು ಅನ್ಯಾಯವಾಗಿ ಪಡೆದವನ ಕೊರಳಿಗೆ ಅಂತ್ಯದಿನದಂದು ಏಳು ಭೂಮಿಗಳ ಭಾರ ಬೀಳುತ್ತದೆ ಎಂದು ಪ್ರವಾದಿ ಮುಹಮ್ಮದ್(ಸ) ಎಚ್ಚರಿಸಿದ್ದನ್ನು ನಮ್ಮ ಓದುಗರು ಬಲ್ಲರು.

ಈ ಶಾಪಗಳಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಅವು ಸತ್ತವನ ಬಗ್ಗೆ ಹೇಳುವುದಿಲ್ಲ, ಕಸಿದವನ ಬಗ್ಗೆ ಹೇಳುತ್ತವೆ. ಹಳೆಯ ಕಾಲಕ್ಕೆ ನೆಲದ ದೋಷವೆಂದರೆ ಅದನ್ನು ಪಡೆದ ರೀತಿಯ ದೋಷ. ಇಂದು ಮನೆ ಕೊಳ್ಳುವವರು ಇಲ್ಲಿ ಯಾರಾದರೂ ನೇಣು ಹಾಕಿಕೊಂಡಿದ್ದರೇ ಎಂದು ನೂರು ಬಾರಿ ಕೇಳುತ್ತಾರೆ. ಇದನ್ನು ಮಾರಿದವರಿಗೆ ಹಣ ಮುಟ್ಟಿತೇ, ಅಕ್ಕತಂಗಿಯರ ಪಾಲು ಕೊಟ್ಟರೇ ಎಂದು ಕೇಳುವವರು ಎಷ್ಟು ಮಂದಿ?

ಸವಣೂರಿಗೆ ಬರೋಣ. 1686ರಲ್ಲಿ ಬಿಜಾಪುರ ಔರಂಗಜೇಬನ ವಶವಾದ ಮೇಲೆ ಪಠಾಣ ಸರದಾರ ಅಬ್ದುಲ್ ರವೂಫ್ ಖಾನ್ ಮೊಗಲರ ಸೇವೆಗೆ ಸೇರಿ ಬಂಕಾಪುರ ಸೀಮೆಯ ಜಹಗೀರು ಪಡೆದ. ಕಾಲಕ್ರಮದಲ್ಲಿ ರಾಜಧಾನಿ ಬಂಕಾಪುರದಿಂದ ಸವಣೂರಿಗೆ ಬಂತು. ಬಂಕಾಪುರ ಚಿಕ್ಕ ಊರಾಗಿರಲಿಲ್ಲ. ರಾಷ್ಟ್ರಕೂಟ ಅಮೋಘವರ್ಷನ ದಂಡನಾಯಕ ಬಂಕೆಯನ ಹೆಸರು ಹೊತ್ತ ಪಟ್ಟಣ ಅದು, ಜೈನ ವಿದ್ವತ್ತಿನ ದೊಡ್ಡ ನೆಲೆ. ಇಂದು ಆ ಕೋಟೆಯೊಳಗೆ ನವಿಲುಗಳದೇ ರಾಜ್ಯ, ಸರ್ಕಾರವೂ ಅದನ್ನು ನವಿಲುಧಾಮ ಎಂದು ಘೋಷಿಸಿದೆ. ಹಾಳುಬಿದ್ದ ಮನೆಗೆ ಗೂಗೆ ಬಂದರೆ ಅಪಶಕುನ, ಹಾಳುಬಿದ್ದ ಕೋಟೆಗೆ ನವಿಲು ಬಂದರೆ ಪ್ರವಾಸಿ ತಾಣ.

ಸವಣೂರು ಒಂದು ಶತಮಾನದೊಳಗೆ ಎರಡು ದೊಡ್ಡ ಆಘಾತ ಕಂಡಿತು. 1756ರಲ್ಲಿ ಪೇಶ್ವೆ ಬಾಳಾಜಿ ಬಾಜೀರಾವ್ ಮತ್ತು ನಿಜಾಮನ ಸೈನ್ಯಗಳು ಫ್ರೆಂಚ್ ಸೇನಾನಿ ಬುಸ್ಸಿಯ ಫಿರಂಗಿಗಳೊಡನೆ ಊರನ್ನು ಮುತ್ತಿದವು. ನವಾಬ ಅಬ್ದುಲ್ ಹಕೀಂ ಖಾನ್ ಕೊನೆಗೆ ಸಂಧಿಗೆ ಒಪ್ಪಬೇಕಾಯಿತು. ಎರಡನೆಯದು ಇನ್ನೂ ಕಹಿ. 1779ರಲ್ಲಿ ಇದೇ ನವಾಬನ ಹಿರಿಯ ಮಗನಿಗೆ ಹೈದರ್ ಅಲಿಯ ಮಗಳನ್ನೂ, ನವಾಬನ ಮಗಳನ್ನು ಹೈದರನ ಎರಡನೆಯ ಮಗ ಕರೀಮನಿಗೂ ಕೊಟ್ಟು ಜೋಡಿ ಮದುವೆ ನಡೆದಿತ್ತು. ಏಳೇ ವರ್ಷಗಳ ಬಳಿಕ, 1786ರಲ್ಲಿ, ಹೈದರನ ಮತ್ತೊಬ್ಬ ಮಗ ಟಿಪ್ಪು ಸುಲ್ತಾನ್ ಮರಾಠರ ಮೇಲಿನ ಯುದ್ಧದಲ್ಲಿ ಸವಣೂರಿಗೆ ದಂಡೆತ್ತಿ ಬಂದ. ನವಾಬ ಮರಾಠರ ದಂಡಿನೊಡನೆ ಊರು ಬಿಟ್ಟ. ಬೀಗರ ಮನೆಗೆ ಬೀಗರೇ ಮುತ್ತಿಗೆ ಹಾಕಿದ್ದರು. ಹಿಂದೂ ಮುಸ್ಲಿಂ ಎಂಬ ಎರಡೇ ಬಣ್ಣದಲ್ಲಿ ಚರಿತ್ರೆ ಬರೆಯುವವರಿಗೆ ಸವಣೂರು ಯಾವಾಗಲೂ ತೊಡಕಿನ ಊರು. ಇದೇ ನವಾಬರು ಉತ್ತರಾದಿ ಮಠದ ಸತ್ಯಬೋಧ ತೀರ್ಥರಿಗೆ ಆಶ್ರಯವಿತ್ತವರು. 1783ರಲ್ಲಿ ತೀರಿಕೊಂಡ ಆ ಯತಿಗಳ ಬೃಂದಾವನ ಸವಣೂರಿನಲ್ಲೇ ಇದೆ.

ಯುದ್ಧದ ಪುಸ್ತಕಗಳಲ್ಲಿ ದಂಡು ಬಂತು, ದಂಡು ಹೋಯಿತು ಎಂದಿರುತ್ತದೆ. ನಡುವೆ ಜನ ಗಂಟುಮೂಟೆ ಕಟ್ಟಿಕೊಂಡು ಓಡಿದ್ದು, ನೆಲ ಅಗೆದು ಬೆಳ್ಳಿ ಹೂತಿಟ್ಟದ್ದು, ಕೆಲವರು ಹಿಂದಿರುಗದೇ ಹೋದದ್ದು ಬರೆಹಕ್ಕೆ ಬರುವುದಿಲ್ಲ. ಈ ಸೀಮೆಯಲ್ಲಿ ಹಳೆಯ ಮನೆ ಎಂದೊಡನೆ ನಿಧಿಯ ಮಾತು ಬರುವುದಕ್ಕೆ ಇದೂ ಒಂದು ಕಾರಣವಿರಬೇಕು. ಶಿಗ್ಗಾಂವಿ ತಾಲ್ಲೂಕಿನ ಬಾಡದ ತಿಮ್ಮಪ್ಪನಾಯಕ ನೆಲ ಅಗೆಸುವಾಗ ಹೊನ್ನಿನ ಕೊಪ್ಪರಿಗೆ ಸಿಕ್ಕಿ ಕನಕನಾದ, ಮುಂದೆ ಅದನ್ನೂ ಬಿಟ್ಟು ಕನಕದಾಸನಾದ ಎಂಬ ಐತಿಹ್ಯ ಎಲ್ಲರಿಗೂ ಗೊತ್ತು. ಕೊಪ್ಪರಿಗೆ ಸಿಕ್ಕದ್ದನ್ನು ಜನ ನೆನಪಿಟ್ಟುಕೊಂಡರು, ಬಿಟ್ಟದ್ದನ್ನು ಮರೆತರು. ಇಂದಿಗೂ ಪಾಳುಮನೆಯ ನೆಲ ರಾತ್ರೋರಾತ್ರಿ ಅಗೆದಿರುತ್ತದೆ, ಪಕ್ಕದಲ್ಲಿ ಕುಂಕುಮ, ನಿಂಬೆಹಣ್ಣು ಬಿದ್ದಿರುತ್ತವೆ. ಅಗೆಯುವವರಿಗೆ ಅಲ್ಲಿ ಯಾರೂ ವಾಸಕ್ಕೆ ಬರಬಾರದು. ಅದಕ್ಕೆ ದೆವ್ವದ ಕಥೆಗಿಂತ ಒಳ್ಳೆಯ ಕಾವಲು ಯಾವುದಿದೆ? ನೆಲದಲ್ಲಿ ಸಿಕ್ಕ ಹತ್ತು ರೂಪಾಯಿಗೆ ಮೀರಿದ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರ ಕಾಯ್ದೆಯೇ ಹೇಳಿತ್ತು. ನಿಧಿಗಾಗಿ ಮಾಟ ಮಾಡುವುದನ್ನು ಕರ್ನಾಟಕದ 2017ರ ಕಾಯ್ದೆ ಅಪರಾಧವೆಂದು ಸಾರಿದೆ.

ಯುದ್ಧಕ್ಕಿಂತ ಹೆಚ್ಚು ಮನೆಗಳ ದೀಪ ಆರಿಸಿದ್ದು ರೋಗ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲು ಹಳಿ ಹಿಡಿದು ದಕ್ಷಿಣಕ್ಕೆ ಇಳಿಯಿತು. 1898ರಲ್ಲಿ ಹುಬ್ಬಳ್ಳಿ ತತ್ತರಿಸಿತು. ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಹಿಂದಿನ ವರ್ಷವಷ್ಟೇ ತಯಾರಿಸಿದ್ದ ಲಸಿಕೆಯನ್ನು ಅಲ್ಲಿ ಸಾವಿರಾರು ಜನರಿಗೆ ಚುಚ್ಚಲಾಯಿತು. ಅಂದಿನ ಧಾರವಾಡ ಜಿಲ್ಲೆಗೆ, ಅಂದರೆ 1997ರಲ್ಲಿ ಹಾವೇರಿ ಜಿಲ್ಲೆಯಾದ ಈ ತಾಲ್ಲೂಕುಗಳಿಗೂ, ಮುಂದೆ ಅದು ಮತ್ತೆ ಮತ್ತೆ ಮರಳಿತು. ಮನೆಯಲ್ಲಿ ಇಲಿ ಬಿತ್ತೆಂದರೆ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕುತ್ತಿದ್ದರು. ಸರ್ಕಾರದ ಮಂದಿ ಬಂದು ಹೆಂಚು ತೆಗೆಸಿ ಒಳಗೆ ಬಿಸಿಲು ಬೀಳಿಸುತ್ತಿದ್ದರು, ಸುಣ್ಣ ಬಳಿಯುತ್ತಿದ್ದರು, ಬಟ್ಟೆಬರೆ ಸುಡುತ್ತಿದ್ದರು. ಬೆಂಗಳೂರಿನಲ್ಲಿ ಅದೇ 1898ರ ಪ್ಲೇಗಿನ ಬೆನ್ನಿಗೆ ಮಲ್ಲೇಶ್ವರ, ಬಸವನಗುಡಿಯಂಥ ಗಾಳಿಬೆಳಕಿನ ಬಡಾವಣೆಗಳು ಎದ್ದವು. ನಮ್ಮ ಹಳ್ಳಿಗಳಿಗೆ ಆ ಭಾಗ್ಯವಿರಲಿಲ್ಲ. ರೋಗ ಇಳಿದ ಮೇಲೆ ಜನ ಅದೇ ಮನೆಗಳಿಗೆ ಮರಳಿದರು. ಮರಳಲು ಯಾರೂ ಉಳಿಯದ ಮನೆಗಳು ಹಾಗೆಯೇ ಉಳಿದವು.

ಆ ಮನೆ ಹೊಕ್ಕವರು ಬದುಕುವುದಿಲ್ಲ ಎಂಬ ಮಾತು ಇಂಥ ಮನೆಗಳ ವಿಷಯದಲ್ಲಿ ಬರಿಯ ಮೂಢನಂಬಿಕೆಯಾಗಿರಲಿಲ್ಲ. ಪ್ಲೇಗನ್ನು ಇಲಿಯಿಂದ ಮನುಷ್ಯನಿಗೆ ದಾಟಿಸುವುದು ಇಲಿಯ ಮೈಮೇಲಿನ ಚಿಗಟ ಎಂದು ಫ್ರೆಂಚ್ ವೈದ್ಯ ಸಿಮೋಂ ಕರಾಚಿಯಲ್ಲಿ ತೋರಿಸಿದ್ದು 1898ರಲ್ಲೇ, ಉಳಿದ ವಿದ್ವಾಂಸರು ಅದನ್ನು ಒಪ್ಪಲು ಇನ್ನೂ ಕೆಲವು ವರ್ಷ ಬೇಕಾದವು. ಇಲಿ ಸತ್ತ ಮೇಲೆ ಹಸಿದ ಚಿಗಟಗಳು ತಂಪಾದ ನೆಲದ ಬಿರುಕುಗಳಲ್ಲಿ ಕೆಲವು ವಾರ ಬದುಕಿರಬಲ್ಲವು. ಖಾಲಿ ಮನೆಗೆ ಮೊದಲು ಕಾಲಿಟ್ಟವನೇ ಅವುಗಳಿಗೆ ಆಹಾರ. ಕಣ್ಣಿಗೆ ಕಾಣದ ಏನೋ ಒಂದು ಒಳಗೆ ಕಾದು ಕೂತಿದೆ ಎಂಬ ಜನರ ಊಹೆ ಸರಿಯಾಗಿಯೇ ಇತ್ತು. ಅದು ಏನು ಎಂಬುದು ಮಾತ್ರ ತಿಳಿದಿರಲಿಲ್ಲ. ಮತ್ತೆ ಗೂಗೆಯ ವಿಷಯ. ಪಾಳುಮನೆಯ ಅಟ್ಟದಲ್ಲಿ ಕೂತು ಕರ್ಕಶವಾಗಿ ಕಿರುಚುವ ಕಣಜ ಗೂಗೆಯ ಮುಖ್ಯ ಆಹಾರ ಇಲಿ. ಪ್ಲೇಗಿನ ಕಾಲದಲ್ಲಿ ಮನೆಗೆ ಬರಬೇಕಾದ ಅತಿಥಿ ಯಾವುದಾದರೂ ಇದ್ದರೆ ಅದು ಗೂಗೆಯೇ. ನಾವು ಅದನ್ನು ಕಂಡು ಮನೆ ಬಿಟ್ಟೆವು!

ಈ ಭಾಗದ ಹಳೆಯ ಮನೆ ಕಟ್ಟುವ ರೀತಿಯಲ್ಲೂ ಕೆಲವು ದೆವ್ವಗಳಿವೆ. ಶಿಗ್ಗಾಂವಿ, ಸವಣೂರು ಕಡೆ ದಪ್ಪ ಮಣ್ಣಿನ ಗೋಡೆ, ಮೇಲೆ ತೊಲೆ ಜಂತಿ ಹಾಕಿ ಮಣ್ಣು ಬಡಿದ ಮಾಳಿಗೆ, ಕಿಟಕಿ ಎಂಬುದು ಅಪರೂಪ. ಒಳಗೆ ಹಗಲಲ್ಲೂ ಕತ್ತಲೆ. ಆ ಮಾಳಿಗೆ ಮಳೆಗಾಲದಲ್ಲಿ ಹೇಗೆ ಸೋರುತ್ತದೆ ಎಂಬುದನ್ನು ಶಿಗ್ಗಾಂವಿ ತಾಲ್ಲೂಕಿನವರೇ ಆದ ಶಿಶುನಾಳ ಷರೀಫರು ತಮ್ಮ ಒಂದು ತತ್ವಪದದಲ್ಲಿ ದೇಹಕ್ಕೆ ಹೋಲಿಸಿ ಹಾಡಿದ್ದಾರೆ. ಸೋರುವ ಮನೆಯಲ್ಲಿ ಬಾಳಿದವರಿಗಲ್ಲದೆ ಆ ಹೋಲಿಕೆ ಹೊಳೆಯದು. ಇಂಥ ಕತ್ತಲ ಕೋಣೆಯಲ್ಲಿ ಒಬ್ಬರಿಗೆ ಕ್ಷಯ ಬಂದರೆ ಅದೇ ಗಾಳಿ ಸೇವಿಸುವ ಉಳಿದವರಿಗೂ ತಗಲುತ್ತಿತ್ತು. ಒಬ್ಬರ ಹಿಂದೆ ಒಬ್ಬರು ಕೆಮ್ಮುತ್ತ ಸವೆದು ಸತ್ತ ಮನೆಗೆ ಯಾವ ಹೆಸರು ಬರುತ್ತದೆ ಎಂದು ಹೇಳಬೇಕಾಗಿಲ್ಲ. ಎರೆಮಣ್ಣಿನ ನೆಲ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ನಿಂತ ಗೋಡೆ ಅಲುಗುತ್ತದೆ, ನಿನ್ನೆ ಮುಚ್ಚುತ್ತಿದ್ದ ಬಾಗಿಲು ಇಂದು ಮುಚ್ಚುವುದಿಲ್ಲ, ನಡುರಾತ್ರಿ ತೊಲೆ ಲಟಕ್ಕೆನ್ನುತ್ತದೆ. ಹಾನಗಲ್, ಹಿರೇಕೆರೂರಿನ ಅರೆಮಲೆನಾಡಿನ ಹೆಂಚಿನ ಮನೆಗಳಲ್ಲಾದರೆ ಆ ಕೆಲಸವನ್ನು ಹೆಗ್ಗಣವೂ ಪುನುಗಿನ ಬೆಕ್ಕೂ ಮಾಡುತ್ತವೆ.

ಇವೆಲ್ಲಕ್ಕಿಂತ ಭೀಕರವಾದದ್ದು ಹಗೇವು. ಜೋಳ ಕೂಡಿಡಲು ನೆಲದಾಳದಲ್ಲಿ ತೋಡಿದ ಕಣಜ ಇದು. ಬಾಯಿ ಸಣ್ಣದು, ಒಳಗೆ ಮನುಷ್ಯ ನಿಲ್ಲುವಷ್ಟು ಆಳ. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡುತ್ತ ಆಮ್ಲಜನಕವನ್ನು ಬಳಸಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಗಾಳಿಗಿಂತ ಭಾರವಾದ ಆ ಅನಿಲ ತಳದಲ್ಲೇ ನಿಲ್ಲುತ್ತದೆ. ಬಾಯಿ ತೆರೆದು ಕೂಡಲೇ ಇಳಿದವನು ಕೂಗಲೂ ಆಗದೆ ಕುಸಿಯುತ್ತಾನೆ, ಅವನನ್ನು ಎತ್ತಲು ಇಳಿದವನೂ ಅವನ ಪಕ್ಕದಲ್ಲೇ ಬೀಳುತ್ತಾನೆ. ಬಲ್ಲ ರೈತರು ಹಗೇವನ್ನು ಬಹಳ ಹೊತ್ತು ತೆರೆದಿಟ್ಟು, ಕಂದೀಲು ಇಳಿಬಿಟ್ಟು ಅದು ಆರುವುದಿಲ್ಲವೆಂದು ಖಾತ್ರಿಪಡಿಸಿಕೊಂಡೇ ಇಳಿಯುತ್ತಿದ್ದರು. ಒಂದೇ ಮನೆಯ ಅಂಗಳದಲ್ಲಿ ಅಣ್ಣ ತಮ್ಮ ಇಬ್ಬರೂ ಗಾಯದ ಗುರುತೂ ಇಲ್ಲದೆ ಸತ್ತರೆ ಊರು ಏನು ತಿಳಿಯಬೇಕು? ಹಳೆಯ ಮನೆ ಕೊಂಡವರು ಅಂಗಳ ಬಡಿದು ನೋಡಿ ಹಗೇವು ಎಲ್ಲಿದೆ ಎಂದು ಪತ್ತೆ ಮಾಡಿ ಮಣ್ಣು ತುಂಬಿಸುವುದು ಯಾವ ಶಾಂತಿಗಿಂತಲೂ ಮುಖ್ಯವಾದ ಕೆಲಸ.

ಇನ್ನು ಧರ್ಮ ಏನನ್ನುತ್ತದೆ ಎಂಬ ಪ್ರಶ್ನೆ. ಇಸ್ಲಾಮಿಗೆ ಮುಂಚಿನ ಅರಬರಲ್ಲೂ ಗೂಗೆಯ ಭಯವಿತ್ತು. ಕೊಲೆಯಾದವನ ಪ್ರಾಣ ಗೂಗೆಯಾಗಿ ಪ್ರತೀಕಾರ ಸಿಗುವವರೆಗೆ ಕೂಗುತ್ತಿರುತ್ತದೆ ಎಂದು ಅವರು ನಂಬಿದ್ದರು, ಅದನ್ನು 'ಹಾಮ' ಎನ್ನುತ್ತಿದ್ದರು. ಹಾಮ ಇಲ್ಲ, ಅಪಶಕುನವಿಲ್ಲ ಎಂದು ಪ್ರವಾದಿವರ್ಯರು(ಸ) ಅದನ್ನು ತಳ್ಳಿಹಾಕಿದ್ದು ಬುಖಾರಿ, ಮುಸ್ಲಿಂ ಎರಡೂ ಸಂಗ್ರಹಗಳಲ್ಲಿದೆ. ಆದರೆ ಇಮಾಮ್ ಮಾಲಿಕರ ಮುವತ್ತಾ ಮತ್ತು ಅಬೂದಾವೂದ್‌ನಲ್ಲಿ ಇನ್ನೊಂದು ಪ್ರಸಂಗವೂ ಇದೆ. ಒಬ್ಬರು ಬಂದು, ನಾವು ಈ ಮನೆಗೆ ಬರುವ ಮುನ್ನ ಹೆಚ್ಚು ಜನರಿದ್ದೆವು, ಸಂಪತ್ತೂ ಇತ್ತು, ಇಲ್ಲಿಗೆ ಬಂದ ಮೇಲೆ ಎರಡೂ ಕರಗಿದವು ಎಂದು ದೂರಿಕೊಂಡರು. ಹಾಗಾದರೆ ಆ ಮನೆಯನ್ನು ಬಿಟ್ಟುಬಿಡಿ ಎಂದರು ಪ್ರವಾದಿ(ಸ). ಮನೆಗೆ ಕೆಡುಕು ಮಾಡುವ ಶಕ್ತಿ ಇದೆಯೆಂದು ಇದರ ಅರ್ಥವಲ್ಲ, ಅವರ ಮನಸ್ಸಿನಲ್ಲಿ ಬೇರೂರುತ್ತಿದ್ದ ತಪ್ಪು ನಂಬಿಕೆಯನ್ನು ಕೀಳಲು ಅದು ದಾರಿಯಾಗಿತ್ತು ಎಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ನೊಂದವರ ಮನಸ್ಸಿಗೆ ಎಷ್ಟು ಮೃದುವಾದ ಉತ್ತರ! ವಾದ ಮಾಡಿ ಸೋಲಿಸಲಿಲ್ಲ, ಮಂತ್ರವಾದಿಯ ಬಳಿಗೂ ಕಳುಹಿಸಲಿಲ್ಲ.

ಹೊಸ ಮನೆ ಹೊಕ್ಕಾಗ ಕುರ್‌ಆನ್ ಓದಿಸುವುದು, ಸೂರಃ ಬಕರ ಪಾರಾಯಣ ಮಾಡುವುದು ನಮ್ಮಲ್ಲಿ ರೂಢಿ. ಪಕ್ಕದ ಮನೆಯವರು ವಾಸ್ತುಶಾಂತಿ ಮಾಡಿಸುತ್ತಾರೆ. ಇವು ಮನಸ್ಸಿಗೆ ನೆಮ್ಮದಿ ಕೊಡುತ್ತವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಫಿಕ್‌ಹ್ ಗ್ರಂಥಗಳು ಇದಕ್ಕಿಂತ ಮೊದಲಿನ ಹಂತದ ಬಗ್ಗೆ, ಅಂದರೆ ಮಾರಾಟದ ಹೊತ್ತಿನ ಪ್ರಾಮಾಣಿಕತೆಯ ಬಗ್ಗೆ, ಹೆಚ್ಚು ತಲೆ ಕೆಡಿಸಿಕೊಂಡಿವೆ. ಮುಚ್ಚಿಟ್ಟ ಕುಂದು ಗೊತ್ತಾದರೆ ಕೊಂಡವನು ವಸ್ತುವನ್ನು ಹಿಂದಿರುಗಿಸಬಹುದು, ಇದಕ್ಕೆ 'ಖಿಯಾರುಲ್ ಐಬ್' ಎಂದು ಹೆಸರು. ಮಾಲಿಕಿ ಪಂಥದ ಕೆಲವು ಗ್ರಂಥಗಳು ಮನೆಯ ಕುಂದುಗಳನ್ನು ಎಣಿಸುವಾಗ ಕೆಟ್ಟ ನೆರೆಹೊರೆ, ತಿಗಣೆ ಮತ್ತು ಇರ್ವೆಗಳ ಕಾಟದ ಸಾಲಿನಲ್ಲೇ ಜಿನ್ನ್‌ಗಳ ಮನೆ ಎಂಬ ಅಪಖ್ಯಾತಿಯನ್ನೂ ಸೇರಿಸಿವೆ. ಜಿನ್ನ್ ಇದೆಯೇ ಎಂದು ನ್ಯಾಯಾಧೀಶ ಪರೀಕ್ಷಿಸಬೇಕಾಗಿಲ್ಲ, ಊರು ಹಾಗೆ ಆಡಿಕೊಳ್ಳುತ್ತಿದ್ದರೆ ಬೆಲೆ ಕುಸಿಯುತ್ತದೆ, ಅದನ್ನು ಮುಚ್ಚಿಡುವುದು ಮೋಸ. 1991ರಲ್ಲಿ ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಲಯವೊಂದು ಹೆಚ್ಚುಕಡಿಮೆ ಇದೇ ಮಾತನ್ನು ಹೇಳಿತು. ತನ್ನ ಮನೆಯಲ್ಲಿ ದೆವ್ವಗಳಿವೆಯೆಂದು ಪತ್ರಿಕೆಗೆಲ್ಲ ಹೇಳಿಕೊಂಡಿದ್ದ ಮಾಲಕಿ ಕೊಳ್ಳುವವನಿಗೆ ಮಾತ್ರ ಹೇಳಿರಲಿಲ್ಲ. ಕಾನೂನಿನ ಮಟ್ಟಿಗೆ ಅದು ದೆವ್ವದ ಮನೆಯೇ ಎಂದ ನ್ಯಾಯಾಲಯ, ಖರೀದಿಯಿಂದ ಹಿಂದೆ ಸರಿಯಲು ಕೊಂಡವನಿಗೆ ಅವಕಾಶ ಕೊಟ್ಟಿತು. ಜಪಾನಿನಲ್ಲಿ ಕೊಲೆ, ಆತ್ಮಹತ್ಯೆ ನಡೆದ ಮನೆಗಳ ಬಗ್ಗೆ ದಲಾಲಿಗಳು ಏನು ಹೇಳಬೇಕೆಂದು ಸರ್ಕಾರ 2021ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿದೆ. ನಮ್ಮಲ್ಲಿ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೆಯ ಕಲಮು ಇದೆ. ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಕಂಡುಹಿಡಿಯಲಾಗದ ಮುಖ್ಯ ದೋಷವನ್ನು, ಅದು ಮನೆಯದಿರಲಿ ಹಕ್ಕಿನದಿರಲಿ, ಮಾರುವವನು ತಿಳಿಸಲೇಬೇಕು ಎನ್ನುತ್ತದೆ ಅದು. ದೆವ್ವದ ಮಾತು ಅದರಲ್ಲಿಲ್ಲ. ಹಕ್ಕಿನ ಮಾತಿದೆ, ಅದೇ ದೊಡ್ಡದು.

ದೆವ್ವದ ಮನೆಯನ್ನು ಕೊನೆಗೆ ಕೊಳ್ಳುವವರು ಯಾರು? ನಾವು ಕಂಡಂತೆ ಬೇರೆ ಓಣಿಯಲ್ಲಿ ಮನೆ ಸಿಗದವರು. ಹೆಸರು ಕೇಳಿದೊಡನೆ "ಇಲ್ರಿ, ಈಗಷ್ಟ ಬ್ಯಾರೇದವ್ರಿಗೆ ಮಾತು ಕೊಟ್ಟೇವಿ" ಎಂಬ ಉತ್ತರ ಪಡೆದು ಪಡೆದು ದಣಿದವರು. ಮುಸ್ಲಿಮರು, ದಲಿತರು, ಅಲೆಮಾರಿ ಕುಟುಂಬಗಳು. ಜೀವಂತ ನೆರೆಯವರು ಬೇಡವೆಂದವರನ್ನು ಸತ್ತವರು ಬೇಡ ಎನ್ನುವುದಿಲ್ಲ. ಅಂಥ ಕುಟುಂಬ ಬಂದು ಸುಣ್ಣ ಬಳಿದು, ಮಾಳಿಗೆಗೆ ಮಣ್ಣು ಹೊದಿಸಿ, ಕಿಟಕಿ ಒಡೆಸಿ ಹತ್ತು ವರ್ಷ ಬಾಳಿದರೆ ದೆವ್ವ ಸದ್ದಿಲ್ಲದೆ ಹೊರಟುಹೋಗಿರುತ್ತದೆ. ಬೆಲೆಯೂ ಏರಿರುತ್ತದೆ.

ಇದ್ದ ಮನೆಯಿಂದಲೇ ಎಬ್ಬಿಸಲ್ಪಡುವವರ ಕಥೆ ಇನ್ನೂ ಕಠೋರ. 2010ರ ಜುಲೈ 20ರಂದು ಸವಣೂರಿನ ಪುರಸಭೆಯ ಎದುರು ಭಂಗಿ ಸಮುದಾಯದ ಕೆಲವರು ತಮ್ಮ ಮೈಮೇಲೆ ಮಲ ಸುರಿದುಕೊಂಡು ನಿಂತರು. ತಲೆಮಾರುಗಳಿಂದ ಊರಿನ ಮಲ ಹೊತ್ತವರು ಅವರು. ಸುಮಾರು ಎಪ್ಪತ್ತು ವರ್ಷ ಬಾಳಿದ್ದ ಜಾಗದಿಂದ ತಮ್ಮನ್ನು ಎಬ್ಬಿಸುವುದರ ವಿರುದ್ಧ ಅವರಿಗೆ ಬೇರೆ ಯಾವ ಭಾಷೆಯೂ ಉಳಿದಿರಲಿಲ್ಲ. ನಾಡೆಲ್ಲ ಬೆಚ್ಚಿತು. ನವಾಬರ ವೈಭವ, ಖಾರ, ವೀಳ್ಯದೆಲೆ ಎಂದು ಸವಣೂರನ್ನು ಹೊಗಳುವ ನಮ್ಮ ಲೇಖನಗಳಲ್ಲಿ ಆ ಮನೆಗಳಿಗೆ ಒಂದು ಸಾಲು ಕೂಡ ಇರುವುದಿಲ್ಲ.

ಇಲ್ಲಿಂದ ಕಾಗದದ ದೆವ್ವಕ್ಕೆ ಬರಬೇಕು. ಈ ಸೀಮೆಯ ನೆಲದ ಮೇಲೆ ಪದರ ಪದರವಾಗಿ ಇನಾಮುಗಳಿದ್ದವು. ಮಠಕ್ಕೆ, ಗುಡಿಗೆ, ಮಸೀದಿಗೆ, ದರ್ಗಾಕ್ಕೆ, ದೇಸಾಯಿಗೆ, ಕುಲಕರ್ಣಿಗೆ, ಖಾಜಿಗೆ ಎಂದು ಒಬ್ಬೊಬ್ಬ ಅರಸ ಕೊಟ್ಟದ್ದು. 1852ರಲ್ಲಿ ಕಂಪನಿ ಸರ್ಕಾರ ಇನಾಮು ಆಯೋಗ ನೇಮಿಸಿ ಎಲ್ಲರ ಸನದುಗಳನ್ನು ಕೆದಕಿತು, ಅದರ ಸಿಟ್ಟು 1858ರ ನರಗುಂದ ಬಂಡಾಯಕ್ಕೂ ಕಾರಣವಾಯಿತು. 1948ರಲ್ಲಿ ಸವಣೂರು ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. ಮುಂಬಯಿ ಪ್ರಾಂತದ 1952ರ ಕಾಯ್ದೆ ವೈಯಕ್ತಿಕ ಇನಾಮುಗಳನ್ನು ರದ್ದು ಮಾಡಿತು. 1974ರ ಭೂಸುಧಾರಣೆಯಲ್ಲಿ ಉಳುವವನೇ ಒಡೆಯನಾದ. ಇದೇ ಹೊತ್ತಿನಲ್ಲಿ 1954ರ ವಕ್ಫ್ ಕಾಯ್ದೆಯಡಿ ವಕ್ಫ್ ಆಸ್ತಿಗಳ ಸರ್ವೆ ನಡೆದು ಗೆಜೆಟ್‌ನಲ್ಲಿ ಪಟ್ಟಿಗಳು ಅಚ್ಚಾದವು. ಒಂದೇ ನೆಲ ಒಂದು ಕಪಾಟಿನಲ್ಲಿ ರೈತನ ಹೆಸರಿಗೆ, ಇನ್ನೊಂದು ಕಪಾಟಿನಲ್ಲಿ ಸಂಸ್ಥೆಯ ಹೆಸರಿಗೆ ಉಳಿಯಿತು. ಐವತ್ತು ವರ್ಷ ಆ ಎರಡು ಕಪಾಟುಗಳು ಒಂದನ್ನೊಂದು ನೋಡಲಿಲ್ಲ. ಅತಿಕ್ರಮಣದಲ್ಲಿ ನಿಜವಾಗಿಯೂ ಕಳೆದುಹೋದ ವಕ್ಫ್ ಆಸ್ತಿಗಳಿವೆ, ಅವುಗಳಲ್ಲಿ ಕೆಲವನ್ನು ನುಂಗಿದವರು ನಮ್ಮವರೇ ಎಂಬುದನ್ನೂ ಹೇಳಬೇಕು. ಕಾನೂನುಬದ್ಧವಾಗಿ ಗೇಣಿದಾರನಿಗೆ ಸಿಕ್ಕ ನೆಲಗಳೂ ಇವೆ. ಎರಡನ್ನೂ ಬೇರ್ಪಡಿಸುವುದು ಕಡತ ಓದಿ ಮಾಡಬೇಕಾದ ತಾಳ್ಮೆಯ ಕೆಲಸ.

ತಾಳ್ಮೆ ಯಾರಿಗಿತ್ತು? 2024ರ ಅಕ್ಟೋಬರಿನಲ್ಲಿ ವಕ್ಫ್ ನೋಟಿಸುಗಳ ಸುದ್ದಿ ರಾಜ್ಯವನ್ನೆಲ್ಲ ಹಬ್ಬಿತು. ಶಿಗ್ಗಾಂವಿ ಕ್ಷೇತ್ರದಲ್ಲಿ ಉಪಚುನಾವಣೆಯ ಪ್ರಚಾರ ನಡೆದಿತ್ತು. ಸವಣೂರು ತಾಲ್ಲೂಕಿನ ಕಡಕೋಳದಲ್ಲಿ ನಮ್ಮ ಮನೆಗಳು ವಕ್ಫ್ ಹೆಸರಿಗೆ ಹೋಗುತ್ತವೆ ಎಂಬ ವದಂತಿ ಹಬ್ಬಿ, ಅಕ್ಟೋಬರ್ 30ರ ರಾತ್ರಿ ಗುಂಪೊಂದು ಊರಿನ ಮುಸ್ಲಿಂ ಮುಖಂಡರ ಮನೆಗಳಿಗೆ ಕಲ್ಲು ತೂರಿತು. ಕೆಲವರು ಗಾಯಗೊಂಡರು. ಪೊಲೀಸರು ಮೂವತ್ತಕ್ಕೂ ಹೆಚ್ಚು ಜನರನ್ನು ಬಂಧಿಸಿದರು. ಹೆದರಿದ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟವು. ನವೆಂಬರಿನಲ್ಲಿ ರಾಜ್ಯ ಸರ್ಕಾರ ರೈತರಿಗೆ ಕೊಟ್ಟಿದ್ದ ನೋಟಿಸುಗಳನ್ನು ಹಿಂಪಡೆಯಲು ಆದೇಶಿಸಿತು.

ಮನೆ ಹೋದೀತೆಂಬ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಒಂದು ಮನೆಗಾಗಿ ಇಡೀ ಜೀವಮಾನ ದುಡಿಯುವವರ ಭಯ ಅದು. ಆದರೆ ಕಡಕೋಳದಲ್ಲಿ ಕಲ್ಲು ಬಿದ್ದ ಮನೆಯವರು ಯಾರ ಮನೆಯನ್ನೂ ಕಸಿದಿರಲಿಲ್ಲ. ಕಚೇರಿಗೆ ಹೋಗಿ ತಮ್ಮ ಮನೆಯ ಉತಾರ ತೆಗೆಸಿ ನೋಡಬಹುದಾಗಿದ್ದವರು, ವರ್ಷಗಳಿಂದ ಮೊಹರಮ್ಮಿಗೂ ಬಸವಜಯಂತಿಗೂ ಕೂಡಿ ನಡೆದ ನೆರೆಯವರ ಬಾಗಿಲಿಗೆ ಕತ್ತಲಲ್ಲಿ ಹೋದರು.

ಹಳೆಯ ಮನೆ ಕೊಳ್ಳುವವರಿಗೆ ವಕೀಲರು ಹೇಳುವುದು ಇಷ್ಟು. ಸಿಟಿ ಸರ್ವೆ ಉತಾರ ತೆಗೆಸಿ, ಋಣಭಾರ ಪತ್ರ ತೆಗೆಸಿ, ವಾರಸುದಾರರೆಲ್ಲರ, ಹೆಣ್ಣುಮಕ್ಕಳದ್ದೂ ಸೇರಿ, ಸಹಿ ಹಾಕಿಸಿಕೊಳ್ಳಿ, ಇನಾಮು ಅಥವಾ ವಕ್ಫ್ ಅಥವಾ ಮುಜರಾಯಿ ಪಟ್ಟಿಯಲ್ಲಿ ಆ ನಂಬರು ಇದೆಯೇ ನೋಡಿ. ಇದೆಲ್ಲ ಸರಿ, ಮಾಡಲೇಬೇಕು. ಇದರ ಜೊತೆಗೆ ಓಣಿಯ ಹಿರಿಯರೊಬ್ಬರ ಪಕ್ಕ ಕಟ್ಟೆಯ ಮೇಲೆ ಕೂತು, ಇಲ್ಲಿದ್ದವರು ಯಾರು, ಎಲ್ಲಿಗೆ ಹೋದರು, ತಾವಾಗಿ ಹೋದರೇ, ಹಣ ಅವರ ಕೈಸೇರಿತೇ ಎಂದೂ ಕೇಳಬೇಕು. ಏಕೆಂದರೆ ಮುಂದೊಂದು ದಿನ ಕಡಕೋಳದ ಆ ಮನೆಗಳಲ್ಲೊಂದು ಮಾರಾಟಕ್ಕೆ ಬಂದರೆ ಅದರ ಕಾಗದಗಳಲ್ಲಿ ಮಾಲೀಕರ ಹೆಸರು, ಚಕ್ಕುಬಂದಿ, ಅಳತೆ ಎಲ್ಲ ಇರುತ್ತವೆ. 2024ರ ಅಕ್ಟೋಬರ್ 30ರ ರಾತ್ರಿ ಇರುವುದಿಲ್ಲ. ಬೆಲೆ ಮಾತ್ರ ಪಕ್ಕದ ಮನೆಗಿಂತ ಕಡಿಮೆ ಇರುತ್ತದೆ.